ಕ್ಲಾರಿನೆಟ್ ಅಂಗಡಿಗೆ ಹೋದ ಗನ್‌ಮ್ಯಾನ್

ಸಹಕಾರಿ ಸೊಸೈಟಿಯಲ್ಲಿ ಅಂಗಡಿ ಅಂಗಡಿ ತಿರುಗಿ ದಿನದ ಉಳಿತಾಯ ಸಂಗ್ರಹಿಸುವ ಪಿಗ್ಮಿ ಕಲೆಕ್ಟರ್ ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಗೋವರ್ಧನಣ್ಣನನ್ನು ಪ್ಲಂಬರ್ ಅಂದುಕೊಂಡೆ. ಹಿಂದಿನ ಕೋಣೆಯಲ್ಲಿ ಬನಿಯನ್ ಹಾಕಿದ ಒಬ್ಬ ತೆಳ್ಳಗಿನ ಮನುಷ್ಯ ಸ್ಟೂಲಿನ ಮೇಲೆ ಕೂತು, ಒಂದು ಕಬ್ಬಿಣದ ಪೈಪನ್ನು ಟ್ಯೂಬ್‌ಲೈಟಿನ ಕಡೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ಒಳಗೆ ಇಣುಕುತ್ತಿದ್ದರೆ ನೀವಾದರೂ ಏನಂದುಕೊಳ್ಳುತ್ತಿದ್ದಿರಿ?

"ಹ್ವಾಯ್, ಅದ್ ಆದ್ಮೇಲೆ ಬಾತ್‌ರೂಮಿನ ನಲ್ಲಿಯೂ ಒಂಚೂರ್ ಕಾಣಿ, ಸೋರ್ತಾ ಇತ್ತ್" ಅಂದೆ. ಹೊಸ ಕೆಲಸ, ಹೊಸ ಶರ್ಟು. ದನಿಗೂ ಸ್ವಲ್ಪ ಇಸ್ತ್ರಿ ಬಿದ್ದಿತ್ತು.

ಅವರು ಪೈಪನ್ನು ಬಟ್ಟೆಯ ಮೇಲೆ ಮಲಗಿಸಿ, ಎದ್ದು ಹೋಗಿ ನಲ್ಲಿ ಸರಿ ಮಾಡಿದರು. ವಾಪಸು ಬಂದು ಮೂಲೆಯಲ್ಲಿದ್ದ ಮರದ ಹಿಡಿಯನ್ನು ಪೈಪಿಗೆ ಟಕ್ಕೆಂದು ಸಿಕ್ಕಿಸಿದರು. ಪೈಪು ಕೋವಿಯಾಯಿತು. ಆಮೇಲೆ ಗೋಡೆಯ ಮೊಳೆಯಿಂದ ಖಾಕಿ ಶರ್ಟು ತೆಗೆದು ತೊಟ್ಟುಕೊಂಡರು.

"ಮತ್ತೆಂತಾರೂ ಸೋರ್ತಾ ಇತ್ತಾ?" ಎಂದು ಕೋವಿ ಹೆಗಲಿಗೇರಿಸಿ ಕೇಳಿದರು.

ಸದ್ಯ, ಬೇರೇನೂ ಸೋರಲಿಲ್ಲ.

ನಮ್ಮ ಶಾಖೆ ಇರುವುದು ಮರವಂತೆಯಲ್ಲಿ, ಹೆದ್ದಾರಿಯ ಪಕ್ಕ. ಬಾಗಿಲು ತೆರೆದರೆ ಎದುರಿಗೇ ಕಡಲು. ಬಂದವರೆಲ್ಲ "ಎಂಥ ಚಂದದ ಜಾಗ!" ಎಂದು ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಗೋವರ್ಧನಣ್ಣನಿಗೆ ಮಾತ್ರ ಆ ಕಡಲು ಜನ್ಮವೈರಿ. ಗಂಗೊಳ್ಳಿಯ ಮೀನುಗಾರರ ಮನೆಯಲ್ಲಿ ಹುಟ್ಟಿದ ಅವರಿಗೆ ದೋಣಿ ಹತ್ತಿದರೆ ವಾಂತಿ. ಅಪ್ಪ ಲಿಂಬೆಹಣ್ಣು ಮೂಸಲು ಕೊಟ್ಟರು, ದೇವರಿಗೆ ಹೇಳಿಕೊಂಡರು, ಕೊನೆಗೆ ಬೈದರು. ಯಾವುದಕ್ಕೂ ಹೊಟ್ಟೆ ಬಗ್ಗಲಿಲ್ಲ. "ಮೀನಿಗೆ ಊಟ ಹಾಕುಕೆ ಹೋಪ ಮಗ ನಂಗ್ ಬೇಡ" ಎಂದು ಅಪ್ಪ ಮುಂಬೈ ಬಸ್ಸು ಹತ್ತಿಸಿದರಂತೆ. ಅಲ್ಲಿ ಕ್ಯಾಂಟೀನಿನಲ್ಲಿ ಕಪ್ಪು ತೊಳೆದು, ಆಮೇಲೆ ಚಿನ್ನದಂಗಡಿಯ ಬಾಗಿಲಲ್ಲಿ ನಿಂತು, ಸೇಠನ ಶಿಫಾರಸಿನಿಂದ ಲೈಸೆನ್ಸ್ ಪಡೆದು, ಒಂದು ಒಂಟಿನಳಿಗೆಯ ಕೋವಿಯ ಒಡೆಯರಾದರು. ಸೇಠ ಅಂಗಡಿ ಮುಚ್ಚಿದ ಮೇಲೆ ಕೋವಿಯೊಂದಿಗೆ ಊರಿಗೆ ಬಂದರು. ಸ್ವಂತ ಕೋವಿ ಇದ್ದವನಿಗೇ ಗನ್‌ಮ್ಯಾನ್ ಕೆಲಸ. ಹಾಗೆ ನಮ್ಮಲ್ಲಿಗೆ ಬಂದರು.

ಅಂದರೆ ಕೋವಿ ಇದ್ದರೆ ಗೋವರ್ಧನಣ್ಣ, ಇಲ್ಲದಿದ್ದರೆ ಬರೀ ಖಾಕಿ ಶರ್ಟು. ಮರವಂತೆಯ ಉಪ್ಪುಗಾಳಿಗೆ ಶಾಖೆಯ ಬೀಗ, ಫ್ಯಾನು, ನನ್ನ ಬೈಕಿನ ಸೈಲೆನ್ಸರು ಎಲ್ಲವೂ ತುಕ್ಕು ಹಿಡಿದಿವೆ. ಕೋವಿಯನ್ನು ಮಾತ್ರ ಅವರು ದಿನವೂ ಒರೆಸಿ, ಹೊಲಿಗೆ ಮೆಷಿನ್ನಿನ ಎಣ್ಣೆ ಹಚ್ಚಿ ಉಳಿಸಿಕೊಂಡಿದ್ದರು. ಅವರ ಹೆಂಡತಿ ವನಜಕ್ಕ ಒಮ್ಮೆ ನನ್ನೆದುರೇ ಹೇಳಿದ್ದರು: "ತಲಿಗ್ ಎಣ್ಣೆ ಹಚ್ಕಣಿ ಅಂದ್ರೆ ಕೇಂತಿಲ್ಲೆ. ಅದಕ್ಕ್ ಮಾತ್ರ ದಿನಾ ಅಭ್ಯಂಜನ."

ಇಷ್ಟರಲ್ಲಿ ಕುಂದಾಪುರದ ಹೆಡ್ ಆಫೀಸಿನಿಂದ ಫೋನು ಬಂತು. ಸೋಮವಾರ ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು ಬಂದು ಕೋವಿ ಪರೀಕ್ಷೆ ಮಾಡುತ್ತಾರೆ. ತುಕ್ಕು ಕಂಡರೆ ಆ ಶಾಖೆಗೆ ಗನ್‌ಮ್ಯಾನ್ ಬೇಡ. ಏಜೆನ್ಸಿಯಿಂದ ಲಾಠಿ ಹಿಡಿದವನು ಬಂದರೆ ಸಾಕು.

ಗೋವರ್ಧನಣ್ಣ ಮೊದಲಿಗೆ ಹೆದರಲಿಲ್ಲ. ಆದರೆ ಅದೇ ವಾರ ಮಳೆಗಾಳಿಯ ಅಬ್ಬರಕ್ಕೆ ಅಲೆಯ ನೀರು ರಸ್ತೆ ದಾಟಿ ಬಂದು ಬಾಗಿಲಲ್ಲಿ ನಿಂತಿದ್ದ ಅವರನ್ನೂ ಕೋವಿಯನ್ನೂ ತೋಯಿಸಿತು. ಮಾರನೆಯ ಬೆಳಿಗ್ಗೆ ನಳಿಗೆಯೊಳಗೆ ಕೆಂಪಗೆ ತೆಳ್ಳನೆಯ ಪೊರೆ. ಅವಸರದಲ್ಲಿ ಉಜ್ಜಲು ಹೋಗಿ ಬ್ರಷ್ಷಿನ ಮರದ ಕೋಲೂ ಮುರಿಯಿತು. ಹಿತ್ತಾಳೆಯ ಬ್ರಷ್ಷು ಕೈಯಲ್ಲಿ ಉಳಿಯಿತು, ಅದನ್ನು ಒಳಗೆ ಓಡಿಸುವ ಸಾಧನ ಇಲ್ಲ.

ಇಲ್ಲಿ ನಾನು ಬುದ್ಧಿವಂತನಾದೆ. "ಆನ್‌ಲೈನಲ್ಲಿ ತರ್ಸುವ ಅಣ್ಣಾ" ಎಂದು ಒಂದು ಡಬ್ಬಿ ತರಿಸಿದೆ. ಚಂದದ ಡಬ್ಬಿ, ಒಳಗೆ ಸಾಲಾಗಿ ಸರಳುಗಳು. ಅದು ಸಪೂರ ನಳಿಗೆಯ ಏರ್‌ಗನ್ನಿನದ್ದು ಎಂದು ಡಬ್ಬಿಯ ಮೇಲೇ ಬರೆದಿತ್ತು. ನಾನು ಓದಿದ್ದು ಗಿರಾಕಿಗಳು ಕೊಟ್ಟ ರೇಟಿಂಗಿನ ನಕ್ಷತ್ರಗಳನ್ನು ಮಾತ್ರ. ಸರಳನ್ನು ನಳಿಗೆಗೆ ಹಾಕಿದರೆ ಹಂಡೆಯಲ್ಲಿ ಚಮಚ ಬಿದ್ದ ಹಾಗೆ ಕಣಕಣ ಎಂದಿತು.

"ಕಿವಿ ಗುಗ್ಗಿ ತೆಗೂಕಕ್ಕ್, ಇಟ್ಕೊ" ಎಂದು ಡಬ್ಬಿಯನ್ನು ನನಗೇ ಕೊಟ್ಟರು.

ಭಾನುವಾರ ಪ್ರಾಯಶ್ಚಿತ್ತಕ್ಕೆಂದು ಗೋವರ್ಧನಣ್ಣನನ್ನು ಹಿಂದೆ ಕೂರಿಸಿಕೊಂಡು, ಬ್ರಷ್ಷಿಗೊಂದು ಕೋಲು ಹುಡುಕಲು ಬೈಕು ತೆಗೆದೆ. ದೂರದ ಕೋವಿ ಅಂಗಡಿಗೆ ಫೋನು ಮಾಡಿದರೆ ಭಾನುವಾರ ರಜೆ. "ಚಿಂತೆ ಬೇಡ, ಈ ಕಡೆ ಅಂಗಡಿಯರೆಲ್ಲ ನಂಗ್ ಗುರ್ತ" ಎಂದೆ. ಗುರುತು ಇರುವುದು ನಿಜ. ಪಿಗ್ಮಿ ಕಲೆಕ್ಟರನ ಬೈಕಿನ ಸದ್ದಿಗೆ ಬೈಂದೂರಿನ ಹಾರ್ಡ್‌ವೇರ್ ಅಂಗಡಿಯ ಯಜಮಾನ ಗೋಣಿಚೀಲದ ಹಿಂದೆ ಸರಿದ. "ಇವತ್ತ್ ಕಲೆಕ್ಷನ್ ಇಲ್ಲ ಮಾರಾಯ್ರೆ, ಗಿರಾಕಿ ತಂದಿದ್ದೆ" ಎಂದು ನಾನು ಹೇಳಿದ ಮೇಲೆ ಎದ್ದು ಬಂದು ಉಕ್ಕಿನ ಸರಳು ತೋರಿಸಿದ.

"ಉಕ್ಕ್ ಬೇಡ. ಗೀರತ್ತ್" ಎಂದರು ಗೋವರ್ಧನಣ್ಣ.

"ಬಿದಿರ್ ಅಕ್ಕಾ?"

"ಮರದ್ದ್ ಒಳ್ಗ್ ಮುರಿತ್ತ್. ಬೇಡ."

"ಹಂಗಾರೆ ನಿಮ್ಗ್ ಬೇಕಾದ್ದೆಂತ, ಬೆಣ್ಣಿದಾ?"

ಕುಂದಾಪುರದಲ್ಲಿ ಕೊಡೆ ರಿಪೇರಿಯವನು ಕೊಡೆಯ ಕಡ್ಡಿ ಕೊಡಲು ಬಂದ. ಗೇರುಬೀಜ ಕಾರ್ಖಾನೆಯಲ್ಲಿ ನನಗೆ ಗೊತ್ತಿದ್ದ ಫಿಟ್ಟರು ಫೋನೇ ಎತ್ತಲಿಲ್ಲ. ಅವನ ಪಿಗ್ಮಿ ಬಾಕಿ ಇತ್ತು. ಕುಂಭಾಶಿ ತಲುಪುವಾಗ ಗೋವರ್ಧನಣ್ಣ ನನ್ನ ಹೆಗಲು ತಟ್ಟಿದರು. "ಬೈಕ್ ನಿಲ್ಸ್, ಆನೆಗುಡ್ಡೆ ಗಣಪತಿಗೊಂದ್ ಕೈ ಮುಗಿತೆ. ನಾಳೆಯಿಂದ ಎಂತ ಮಾಡುದಂದೇ ತಿಳಿತಿಲ್ಲೆ. ಈ ವಯಸ್ಸಲ್ಲಿ ಮತ್ತೆ ಕಪ್ ತೊಳುಕಾತ್ತಾ?" ಎಂದರು. ಬೈಕು ನಿಲ್ಲಿಸಿ ನಾನೂ ಹಿಂದೆಯೇ ಹೋಗಿ ಕೈ ಮುಗಿದೆ.

ದೇವಸ್ಥಾನದಿಂದ ಹೊರಬಂದರೆ ಪಕ್ಕದ ಸಭಾಭವನದಲ್ಲಿ ಮದುವೆ. ಧಾರೆ ಮುಗಿದು ವಾದ್ಯದವರು ಹೊರಗೆ ಜಗಲಿಯಲ್ಲಿ ಕೂತಿದ್ದರು. ಅವರಲ್ಲಿ ರಾಜೀವ ಎಂಬವನು ಕ್ಲಾರಿನೆಟ್ಟನ್ನು ನಿಲ್ಲಿಸಿ, ತುದಿಗೆ ಗುಂಡು ಕಟ್ಟಿದ ಒಂದು ದಾರವನ್ನು ಮೇಲಿನಿಂದ ಇಳಿಬಿಟ್ಟು, ಕೆಳಗಿನಿಂದ ಎಳೆದ. ದಾರದ ಹಿಂದೆ ಕಟ್ಟಿದ ಬಟ್ಟೆ ಸರ್ರನೆ ಒಳಗೆ ಓಡಿ, ಎಂಜಲು ಒರೆಸಿಕೊಂಡು ಹೊರಬಂತು. ಗೋವರ್ಧನಣ್ಣ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟರು.

"ಹ್ವಾಯ್, ಇನ್ನೊಂದ್ ಸಲ ಎಳಿನಿ, ಕಾಂಬ."

ರಾಜೀವ ಎಳೆದ.

"ಇನ್ನೊಂದ್ ಸಲ."

"ನಿಮ್ಗೆಂತ, ಕ್ಲಾರಿನೆಟ್ ಕಲಿಕಾ?" ಎಂದ ರಾಜೀವ.

"ಉಸಿರಿಲ್ಲ ಮಾರಾಯ. ದಾರ ಎಲ್ ಸಿಕ್ತ್ ಹೇಳ್."

ಬ್ರಹ್ಮಾವರದಲ್ಲಿ ಸಿಕ್ಕಿತ್ತಂತೆ. ನಾವು ಮದುವೆಯ ಪಾನಕವನ್ನೂ ಕುಡಿಯದೆ ಬ್ರಹ್ಮಾವರಕ್ಕೆ ಹೋದೆವು. ಮಹಡಿಯ ಮೇಲೆ ವಾದ್ಯಗಳ ಪುಟ್ಟ ಅಂಗಡಿ. ಯಜಮಾನಿ ರಮ್ಯಶ್ರೀ ಸ್ಯಾಕ್ಸೋಫೋನ್ ಒಂದರ ಗುಂಡಿಗೆ ಚರ್ಮ ಅಂಟಿಸುತ್ತಿದ್ದರು. ಒಳಗೆ ಒರೆಸುವ ದಾರ ಬೇಕು ಎಂದಾಗ ತಲೆ ಎತ್ತದೆಯೇ ಕೇಳಿದರು:

"ಯಾವ ಸ್ಯಾಕ್ಸೋಫೋನಿಗೆ? ಆಲ್ಟೋನಾ, ಟೆನರಾ?"

"ಹನ್ನೆರಡ್ ಬೋರ್" ಎಂದರು ಗೋವರ್ಧನಣ್ಣ.

"ಅದ್ಯಾವ ಕಂಪೆನಿ? ನಮ್ಮಲ್ಲಿ ಯಾರೂ ಊದ್ತಿಲ್ಲೆ ಅದನ್ನ."

"ನಾನೂ ಊದ್ತಿಲ್ಲೆ" ಎಂದ ಗೋವರ್ಧನಣ್ಣ, ಕಿಸೆಯಿಂದ ಒಂದು ಖಾಲಿ ಕಾಡ್ತೂಸು ತೆಗೆದು ಗಾಜಿನ ಮೇಲೆ ನಿಲ್ಲಿಸಿದರು. ಅಳತೆಗೆಂದು ತಂದದ್ದು, ಲೈಸೆನ್ಸಿನ ವರ್ಷ ಮುಂಬೈಯ ಮೈದಾನದಲ್ಲಿ ಪರೀಕ್ಷೆಗೆ ಹೊಡೆದ ಒಂದೇ ಒಂದು ಗುಂಡಿನದ್ದು. ರಮ್ಯಶ್ರೀ ಕೈಯಲ್ಲಿದ್ದ ಚರ್ಮವನ್ನು ಕೆಳಗಿಟ್ಟರು. ನಾನು ಅವಸರವಾಗಿ ಬಾಯಿ ಹಾಕಿದೆ: "ದರೋಡೆಯರಲ್ಲ ಮೇಡಮ್. ನಾವ್ ಬ್ಯಾಂಕಿನರ್."

"ಎರಡಕ್ಕೂ ಎಂತ ವ್ಯತ್ಯಾಸ?" ಎಂದರು ಅವರು. ಆದರೆ ನಗು ಬಂದಿತ್ತು.

ಕಾಡ್ತೂಸಿನ ತಳ ಕತ್ತರಿಸಿ ಕೊಳವೆ ಮಾಡಿ, ಒಂದೊಂದೇ ದಾರ ಎಳೆದು ನೋಡಿದೆವು. ಸ್ಯಾಕ್ಸೋಫೋನಿನ ದಪ್ಪ ಬಟ್ಟೆ ಬಾಯಲ್ಲೇ ಸಿಕ್ಕಿಕೊಂಡಿತು. ಕೊಳಲಿನದ್ದು ಗೋಡೆಗೆ ತಾಗಲೇ ಇಲ್ಲ. ಕ್ಲಾರಿನೆಟ್ಟಿನದ್ದು ಸದ್ದಿಲ್ಲದೆ, ಹಿತವಾಗಿ ಜಾರಿತು. ಗೋವರ್ಧನಣ್ಣನ ಮುಖ ನೋಡಬೇಕಿತ್ತು. ಹೆಣ್ಣು ಒಪ್ಪಿದ ವರನ ಹಾಗಿತ್ತು. ಬಟ್ಟೆಯ ಮುಂದೆ ತಮ್ಮ ಬ್ರಷ್ಷು ಕಟ್ಟಲು ಗಟ್ಟಿ ಗಂಟು ಹಾಕಿದರು. ಕಡಲು ಕಲಿಸಿದ್ದರಲ್ಲಿ ಬಲೆಯ ಗಂಟು ಮಾತ್ರ ಅವರ ಹೊಟ್ಟೆಯಲ್ಲಿ ನಿಂತಿತ್ತು. ಬಿಲ್ಲಿನಲ್ಲಿ "ಕ್ಲಾರಿನೆಟ್ ಬಟ್ಟೆ" ಎಂದೇ ಬರೆಸಿಕೊಂಡೆವು. ಒಳ್ಳೆಯ ಕೋವಿ ಸಾಮಾನು ಎಲ್ಲಿ ಸಿಗುತ್ತದೆ ಎಂದು ಯಾರಾದರೂ ನನ್ನನ್ನು ಕೇಳಿದರೆ ಈಗಲೂ ಆ ಮಹಡಿಯನ್ನೇ ತೋರಿಸುತ್ತೇನೆ. ಯಾರೂ ಕೇಳಿಲ್ಲ.

ಆ ಸಂಜೆ ಗೋವರ್ಧನಣ್ಣನ ಮನೆಯಂಗಳದಲ್ಲಿ ನಾನು ನಳಿಗೆ ಹಿಡಿದೆ, ಅವರು ದಾರ ಎಳೆದರು. ಮೊದಲು ಎಣ್ಣೆ, ಆಮೇಲೆ ಬ್ರಷ್ಷು, ಆಮೇಲೆ ಬಟ್ಟೆ. ಬಟ್ಟೆ ಕೆಂಪಾಗಿ ಬಂತು, ಕಂದು ಬಣ್ಣದಲ್ಲಿ ಬಂತು, ಕೊನೆಗೆ ಹಾಕಿದ ಹಾಗೇ ಬೆಳ್ಳಗೆ ಬಂತು. ವನಜಕ್ಕ ಚಹಾ ತಂದಿಟ್ಟು, ನಳಿಗೆಯಲ್ಲಿ ಇಣುಕಿ, "ಇದ್ರಲ್ ಮುಖ ಕಾಣತ್ತಲೆ!" ಎಂದರು. ಗೋವರ್ಧನಣ್ಣ ಎರಡು ಲೋಟ ಚಹಾ ಕುಡಿದರು.

ಸೋಮವಾರ ಅಧಿಕಾರಿ ಬಂದರು. ದಪ್ಪ ಕನ್ನಡಕ, ಶಿಸ್ತಿನ ನಡಿಗೆ. ಕೋವಿ ಬಿಚ್ಚಿಸಿ, ನಳಿಗೆಯನ್ನು ಕಡಲಿನ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಗೋವರ್ಧನಣ್ಣ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದರು, ದೋಣಿಯಲ್ಲಿ ನಿಂತವರ ಹಾಗೆ.

"ಇಡೀ ಕರಾವಳಿಯಲ್ಲಿ ಇಷ್ಟು ಸ್ವಚ್ಛವಾದ ಕೋವಿ ನಾನು ನೋಡಿಲ್ಲ" ಎಂದು ಅಧಿಕಾರಿ ಸಹಿ ಹಾಕಿದರು. "ಈ ಶಾಖೆಗೆ ಗನ್‌ಮ್ಯಾನ್ ಇರಲಿ."

ನಾನು ಕೌಂಟರಿನ ಕೆಳಗೆ ಗುಟ್ಟಾಗಿ ಚಪ್ಪಾಳೆ ತಟ್ಟಿದೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಧಿಕಾರಿಗೆ ಪೆನ್ನು ಮುಚ್ಚುವಾಗ ಒಂದು ಕುತೂಹಲ ಹುಟ್ಟಿತು.

"ಗೋವರ್ಧನ, ಸಹಿ ಆಗಿಯಾಯ್ತು, ಈಗ ನಿಜ ಹೇಳಿ. ನಾಲ್ಕು ಜನ ಮುಸುಕು ಹಾಕಿಕೊಂಡು ಒಳಗೆ ನುಗ್ಗಿದರೆ, ನೀವು ಗುಂಡು ಹೊಡೀತೀರಾ?"

ಹೌದು ಎಂದುಬಿಡಿ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಗೋವರ್ಧನಣ್ಣ ಅಧಿಕಾರಿಯ ಕೈಯಿಂದ ನಳಿಗೆ ತೆಗೆದುಕೊಂಡು, ಅದರ ಮೇಲೆ ಬಿದ್ದಿದ್ದ ಬೆರಳಚ್ಚನ್ನು ತೋಳಿನಿಂದ ಒರೆಸಿದರು.

"ಇಲ್ಲೆ ಸಾರ್. ಗುಂಡ್ ಹೊಡಿಯದೇ ಇಪ್ಪುಕೇ ನಾ ಸಂಬ್ಳ ತಕಂಬ್ದ್. ಹೊಡು ಜನ ಬೇಕಾರೆ ಬೇರೆಯರನ್ನ್ ಕಾಣಿ."