ಅಗಲಿದವರ ಬಾಳು ಬರೆದ ಸಿಸಿಲಿಯಮ್ಮ

ಬೆಸಗರಹಳ್ಳಿಯ ಅಂಚಿನ ಮನೆಯೊಂದರ ಮುಂದೆ ಇನ್ನೂ ಮಬ್ಬುಗತ್ತಲು. ಶಾಮಿಯಾನದ ಕಂಬಕ್ಕೆ ಏಣಿ ಒರಗಿಸಿ, ವೈರಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಇನ್ನಾಸಪ್ಪ ಮೈಕಿನ ಹಾರನ್ ಕಟ್ಟುತ್ತಿದ್ದಾರೆ. ವಯಸ್ಸು ಎಪ್ಪತ್ತರ ಹತ್ತಿರ. ಏಣಿಯ ಮೇಲೆ ಅವರ ಕಾಲು ನಡುಗುವುದಿಲ್ಲ. ಕೆಳಗಿಳಿದ ಮೇಲೆ ಮಾತ್ರ ಮಂಡಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಒಳಗೆ ಒಲೆ ಹೊತ್ತಿಕೊಂಡಿದೆ. ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಿದ್ದ ಚಿಕ್ಕಬೋರಯ್ಯ ತೀರಿಕೊಂಡು ಇಂದಿಗೆ ಹನ್ನೊಂದು ದಿನ. ಮಧ್ಯಾಹ್ನ ಎಡೆ, ಊಟ, ಅದಕ್ಕೂ ಮೊದಲು ನುಡಿನಮನ.

ಬೇರೆ ಮೈಕ್‌ಸೆಟ್‌ನವರಾದರೆ ಇಷ್ಟಕ್ಕೆ ಕೆಲಸ ಮುಗಿಯಿತೆಂದು ಟೀ ಕುಡಿಯಲು ಹೋಗುತ್ತಾರೆ. ಇನ್ನಾಸಪ್ಪ ಕೈ ಒರೆಸಿಕೊಂಡು ಜಗಲಿಯ ಮೂಲೆಯಲ್ಲಿ ಕೂತಿದ್ದ ಸಣ್ಣತಾಯಮ್ಮನ ಪಕ್ಕ ಹೋಗಿ ಕೂರುತ್ತಾರೆ. ಸಣ್ಣತಾಯಮ್ಮ ಚಿಕ್ಕಬೋರಯ್ಯನ ಹೆಂಡತಿ. ಯಜಮಾನರು ಎಂಥವರೆಂದು ಇನ್ನಾಸಪ್ಪ ಕೇಳುವುದಿಲ್ಲ. ಸಿಟ್ಟು ಬಂದರೆ ಏನು ಮಾಡುತ್ತಿದ್ದರು ಎಂದು ಕೇಳುತ್ತಾರೆ. ಮುದುಕಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾಳೆ.

“ಉಣ್ಣಾಕಿಲ್ಲ ಅಂತ ತಟ್ಟೆ ತಳ್ಬುಟ್ಟು ಓಗೋನು. ಆಮೇಲೆ ಕತ್ಲೆ ಕ್ವಾಣೆಗೋಗಿ ಬೆಲ್ಲ ತಿನ್ನೋನು. ನಂಗೆ ಗೊತ್ತಿಲ್ಲ ಅಂದ್ಕಂಡಿದ್ದ, ಪಾಪ.”

ಇನ್ನಾಸಪ್ಪ ತಲೆಯಾಡಿಸುತ್ತಾರೆ. ಮಧ್ಯಾಹ್ನ ಇದೇ ಮಾತನ್ನು ಅವರು ಮೈಕಿನಲ್ಲಿ ಹೇಳುತ್ತಾರೆ. ಹಾಗೆ ಕೇಳುವುದನ್ನು ಅವರಿಗೆ ಕಲಿಸಿದವರು ಸಿಸಿಲಿಯಮ್ಮ, ಅವರ ಹೆಂಡತಿ. ಹೋದ ಬೇಸಿಗೆಯಲ್ಲಿ ತೀರಿಕೊಂಡರು.

ಮಳವಳ್ಳಿಯ ಚರ್ಚಿನ ಹಿಂದಿನ ಬೀದಿಯಲ್ಲಿ ಇವರದು ಎರಡು ಕೋಣೆಯ ಹೆಂಚಿನ ಮನೆ. ಕನ್ಯಾಸ್ತ್ರೀಯರ ಹಾಸ್ಟೆಲ್ಲಿನಲ್ಲಿ ಪಿಯುಸಿವರೆಗೆ ಓದಿದ ಸಿಸಿಲಿಯಮ್ಮ ಅಂಗನವಾಡಿ ಟೀಚರಾಗಿದ್ದರು. ಇನ್ನಾಸಪ್ಪ ಏಳನೆಯ ತರಗತಿಗೆ ಶಾಲೆ ಬಿಟ್ಟು ಮೈಕ್‌ಸೆಟ್ ಹಿಡಿದವರು. ಮದುವೆಯಾದ ಮರುವರ್ಷ ಒಂದು ಗಂಡುಮಗು ಹುಟ್ಟಿತು, ಎರಡು ವಾರ ತುಂಬುವ ಮೊದಲೇ ಹೋಯಿತು. ಮಣ್ಣು ಮಾಡುವಾಗ ಯಾರೂ ಒಂದು ಮಾತೂ ಆಡಲಿಲ್ಲ. ಅಷ್ಟು ಚಿಕ್ಕ ಮಗುವಿನ ಬಗ್ಗೆ ಆಡುವುದಕ್ಕೇನಿರುತ್ತದೆ ಎಂದು ಎಲ್ಲರೂ ಬೇಗ ಬೇಗ ಮನೆಗೆ ಬಂದರು. ಕೆಲವು ದಿನ ಕಳೆದ ಮೇಲೆ ಸಿಸಿಲಿಯಮ್ಮ ಗಂಡನನ್ನು ಅಡುಗೆಮನೆಗೆ ಕರೆದು ಕೂರಿಸಿ, ಒಂದು ಹಾಳೆಯಿಂದ ಓದಿ ಹೇಳಿದರು. ಮಗುವಿನ ಹೆಸರು ಅಂತೋಣಿ. ಎಡಗೈ ಮುಷ್ಟಿ ಕಟ್ಟಿಕೊಂಡೇ ಮಲಗುತ್ತಿತ್ತು. ಮಳೆಯ ಸದ್ದಿಗೆ ಅಳು ನಿಲ್ಲಿಸುತ್ತಿತ್ತು. ನೀರು ಹೊಯ್ಯುವಾಗ ಅಪ್ಪನ ಮುಖವನ್ನೇ ನೋಡುತ್ತಿತ್ತು.

“ಅಲ್ಲೀಗಂಟ ನಂಗೆ ಅಳು ಬಂದಿರ್ನಿಲ್ಲ,” ಎನ್ನುತ್ತಾರೆ ಇನ್ನಾಸಪ್ಪ. “ಅವತ್ತು ಬತ್ತು.”

ಅದು ಸಿಸಿಲಿಯಮ್ಮ ಬರೆದ ಮೊದಲ ಬಾಳು. ಅವರು ಅದನ್ನು ಕರೆಯುತ್ತಿದ್ದುದೇ ಹಾಗೆ: ಬಾಳು ಬರೆಯುವುದು. ಊರಿಗೆ ಅದು ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ, ಮಗಳು ಕವಿತ ಶಾಲೆಗೆ ಹೋಗತೊಡಗಿದ ಮೇಲೆ. ಚರ್ಚಿನ ಕಸ ಗುಡಿಸುತ್ತಿದ್ದ ಲೂರ್ದಮ್ಮ ಹಿಂದೆಮುಂದೆ ಯಾರೂ ಇಲ್ಲದೆ ಸತ್ತಳು. ಆಗಷ್ಟೇ ವರ್ಗವಾಗಿ ಬಂದಿದ್ದ ಫಾದರ್ ಅವಳನ್ನು ಒಳ್ಳೆಯ ಆತ್ಮವೆಂದು ಹೊಗಳಿ ಪ್ರಾರ್ಥನೆ ಮುಗಿಸಿದರು. ಆ ಮಾತು ಯಾರಿಗೆ ಬೇಕಾದರೂ ಹೊಂದುತ್ತಿತ್ತು. ಮೂರನೆಯ ದಿನದ ಪೂಜೆಯಲ್ಲಿ ಸಿಸಿಲಿಯಮ್ಮ ಎದ್ದು ನಿಂತು ಒಂದು ಪುಟ ಓದಿದರು. ಚರ್ಚಿನೊಳಗೆ ಗೂಡು ಕಟ್ಟುವ ಗುಬ್ಬಿಗಳಿಗೆ ಲೂರ್ದಮ್ಮ ದಿನವೂ ಬೈಯುತ್ತಿದ್ದುದು, ಬೈದು ಮುಗಿಸಿ ಮಡಿಲಿನಿಂದ ನುಚ್ಚು ಚೆಲ್ಲುತ್ತಿದ್ದುದು, ಒಮ್ಮೆಯೂ ಮುಂದಿನ ಬೆಂಚಿನಲ್ಲಿ ಕೂರದೇ ಇದ್ದುದು, ಎಲ್ಲ ಅದರಲ್ಲಿತ್ತು. ಜನ ಅಳುತ್ತ ನಕ್ಕರು.

ಅಲ್ಲಿಂದ ಕರೆ ಬರತೊಡಗಿತು. ಮೊದಮೊದಲು ಕ್ರೈಸ್ತರ ಮನೆಗಳಿಂದ, ಆಮೇಲೆ ಗೌಡರ ಮನೆಗಳಿಂದ, ಬರುಬರುತ್ತ ಮದ್ದೂರು, ಕೆರಗೋಡಿನವರೆಗೆ ಎಲ್ಲ ಜನರ ತಿಥಿಗಳಿಂದ. ಗಂಡ ಮೈಕು ಕಟ್ಟುವುದು, ಹೆಂಡತಿ ಬಾಳು ಓದುವುದು. ಓದಿದ ಹಾಳೆಯನ್ನು ಮನೆಯವರಿಗೇ ಕೊಟ್ಟುಬಿಡುತ್ತಿದ್ದರು. ಇಂದಿಗೂ ಎಷ್ಟೋ ಮನೆಗಳಲ್ಲಿ ಹಾರ ಹಾಕಿದ ಫೋಟೋದ ಪಕ್ಕ ಆ ಹಾಳೆಗೂ ಗಾಜು ಕಟ್ಟಿಸಿ ನೇತುಹಾಕಿದ್ದಾರೆ. ಸತ್ತವರದೊಂದು ಕುಂದು ಅದರಲ್ಲಿ ಇರಲೇಬೇಕೆಂಬುದು ಸಿಸಿಲಿಯಮ್ಮನ ಹಟ. ಕುಂದಿಲ್ಲದವರನ್ನು ನೆನಪಿಟ್ಟುಕೊಳ್ಳುವುದಕ್ಕೆ ಹಿಡಿಯೇ ಸಿಗುವುದಿಲ್ಲ ಎನ್ನುತ್ತಿದ್ದರಂತೆ. ಮನೆಯಲ್ಲಿ ಮಾತ್ರ ಈ ಬರವಣಿಗೆಯಿಂದ ಹಾಲು ಉಕ್ಕುತ್ತಿತ್ತು, ಅನ್ನ ಸೀಯುತ್ತಿತ್ತು. ಕವಿತ ಎಷ್ಟೋ ಸಲ ತಾನೇ ಜಡೆ ಹೆಣೆದುಕೊಂಡು ಶಾಲೆಗೆ ಹೋದದ್ದಿದೆ. ಸಂಜೆ ಅವಳು ಬಂದರೆ ಮಾತ್ರ ತಾಯಿ ಪೆನ್ನು ಕೆಳಗಿಟ್ಟು, ತಾನು ಬರೆಯುತ್ತಿದ್ದ ಮನುಷ್ಯನ ಕತೆ ಹೇಳುತ್ತ ಆ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದರು.

ನಿಜ ಬರೆಯುವುದು ಎಲ್ಲರಿಗೂ ಹಿಡಿಸುತ್ತಿರಲಿಲ್ಲ. ಕಿರುಗಾವಲಿನಲ್ಲಿ ಚೌಡಯ್ಯ ಎಂಬ ಹಿರಿಯರು ವರ್ಷಗಟ್ಟಲೆ ಹಾಸಿಗೆ ಹಿಡಿದು ಸತ್ತರು. ಮಂಡ್ಯದಲ್ಲಿ ಮನೆ ಮಾಡಿದ್ದ ಹಿರಿಮಗ ಶಿವರಾಮು, ಅಪ್ಪನನ್ನು ಕೊನೆತನಕ ನೋಡಿಕೊಂಡವನು ತಾನೇ ಎಂದು ಬರೆಯಲು ಹೇಳಿದ್ದ. ನೋಡಿಕೊಂಡವಳು ಕಿರಿಸೊಸೆ ದೇವಿರಮ್ಮ. ಸಿಸಿಲಿಯಮ್ಮ ಅವಳ ಹೆಸರನ್ನೇ ಬರೆದರು. ಮಾವನಿಗೆ ತುತ್ತು ತಿನ್ನಿಸಿದ್ದು, ಹಾಸಿಗೆ ಒಗೆದದ್ದು, ಮಾತು ನಿಂತುಹೋಗಿದ್ದ ಮುದುಕ ಸೊಸೆಯ ಬಳೆ ಸದ್ದಿಗೆ ತಲೆ ತಿರುಗಿಸುತ್ತಿದ್ದುದು, ಅಷ್ಟನ್ನು ಓದುವಷ್ಟರಲ್ಲಿ ಶಿವರಾಮು ಎದ್ದು ಬಂದು ಮೈಕಿನ ವೈರು ಕಿತ್ತುಹಾಕಿದ.

ಇನ್ನಾಸಪ್ಪ ವೈರಿನ ಕಡೆಗೆ ಹೆಜ್ಜೆ ಇಟ್ಟರು. ಸಿಸಿಲಿಯಮ್ಮ ಬೇಡವೆಂದು ಕೈ ಮಾಡಿ, ದನಿ ಎತ್ತರಿಸಿ ಓದುತ್ತ ಹೋದರು. ಹಿಂದೆ ಕೂತಿದ್ದ ಹೆಂಗಸರು ಕೇಳಿಸುವುದಿಲ್ಲವೆಂದು ಎದ್ದು ಮುಂದೆ ಬಂದರು. ಗಂಡಸರೂ ಬಂದರು. ಓದು ಮುಗಿಯುವ ಹೊತ್ತಿಗೆ ಊರೆಲ್ಲ ಅವರ ಸುತ್ತ ನಿಂತಿತ್ತು. ದೇವಿರಮ್ಮ ಅಡುಗೆಯ ಒಲೆಯ ಪಕ್ಕದಿಂದ ಕದಲಲಿಲ್ಲ, ಕೈಯಲ್ಲಿ ಸೌಟು ಹಾಗೇ ಇತ್ತು.

ಆಮೇಲೆ ಬಹಳ ಕಾಲ ಆ ಊರಿನಿಂದ ಇವರ ಮೈಕಿಗೆ ಕರೆ ಬರಲಿಲ್ಲ. ಒಂದು ಹೆಸರು ಬಿಟ್ಟಿದ್ದರೆ ಆಗುತ್ತಿತ್ತಲ್ಲ ಎಂದು ಇನ್ನಾಸಪ್ಪ ಗೊಣಗಿದರಂತೆ. ಹೆಂಡತಿಯ ಉತ್ತರ ಅವರಿಗೆ ಇನ್ನೂ ಬಾಯಿಪಾಠ: “ಆ ಎಸ್ರು ಬುಟ್ಟಿದ್ರೆ ಚೌಡಯ್ಯನ ಬಾಳೂ ಸುಳ್ಳಾಯ್ತಿತ್ತು ಕಣ್ರೀ.”

ಎರಡು ವರ್ಷದ ಹಿಂದೆ ಸಿಸಿಲಿಯಮ್ಮನ ಎದೆಯಲ್ಲಿ ಗಂಟು ಕಾಣಿಸಿತು. ಮಂಡ್ಯದಲ್ಲಿ ನರ್ಸ್ ಆಗಿರುವ ಕವಿತ ರಜೆ ಹಾಕಿ ತಾಯಿಯನ್ನು ಮೈಸೂರಿನ ಆಸ್ಪತ್ರೆಗೂ ಮನೆಗೂ ಓಡಾಡಿಸಿದಳು. ಕೂದಲು ಉದುರಿತು, ಬೆರಳು ಮರಗಟ್ಟಿ ಪೆನ್ನು ಜಾರತೊಡಗಿತು. ಇನ್ನು ಹೆಚ್ಚು ದಿನವಿಲ್ಲವೆಂದು ತಿಳಿದಾಗ ಇನ್ನಾಸಪ್ಪ ಹೆಂಡತಿಯ ಮಂಚದ ಬಳಿ ಕೂತು, ನಿನ್ನದನ್ನು ನೀನೇ ಹೇಳು, ಮಗಳು ಬರೆದುಕೊಳ್ಳುತ್ತಾಳೆ ಎಂದರು. ಸಿಸಿಲಿಯಮ್ಮ ಒಪ್ಪಲಿಲ್ಲ. ತನ್ನ ಬಾಳನ್ನು ತಾನೇ ಹೇಳಿಕೊಂಡರೆ ಜಂಬವಾಗುತ್ತದೆ ಎಂದರು.

“ನೀವೇಳಿ,” ಎಂದರು. “ನನ್ ಜತೇಲಿದ್ದೋರು ನೀವು.”

ಅಷ್ಟು ವರ್ಷ ಮೈಕು ಕಟ್ಟಿದ ಮನುಷ್ಯ, ಅದರಲ್ಲಿ “ಹಲೋ, ಚೆಕ್” ಅನ್ನುವುದನ್ನು ಬಿಟ್ಟು ಒಂದು ಮಾತೂ ಆಡಿದವರಲ್ಲ. ಹೆಂಡತಿಯನ್ನು ಮಣ್ಣು ಮಾಡುವ ದಿನ ಮೈಕನ್ನು ಬೇರೆಯವರು ಕಟ್ಟುತ್ತೇವೆಂದರೂ ಬಿಡಲಿಲ್ಲ, ತಾವೇ ಕಟ್ಟಿದರು. ಸುತ್ತಲಿನ ಮೂರು ತಾಲ್ಲೂಕುಗಳಿಂದ ಜನ ಬಂದಿದ್ದರು. ಕಿರುಗಾವಲಿನಿಂದ ಮೊದಲ ಬಸ್ಸಿಗೆ ಬಂದಿದ್ದ ದೇವಿರಮ್ಮ ಕವಿತಳ ಕೈ ಹಿಡಿದುಕೊಂಡು ಕೂತಿದ್ದಳು. ಫಾದರ್ ಪ್ರಾರ್ಥನೆ ಮುಗಿಸಿ ಪಕ್ಕಕ್ಕೆ ಸರಿದರು. ಇನ್ನಾಸಪ್ಪ ಮುಂದೆ ಬಂದು ಮೈಕಿನ ಎದುರು ನಿಂತರು. ಯಾರೋ ನೀರು ತಂದುಕೊಟ್ಟರು, ಕುಡಿಯಲಿಲ್ಲ.

“ನನ್ನೆಂಡ್ರು ಬರ್ಯೋ ಗ್ಯಾನದಲ್ಲಿ ಸಾರಿಗೆ ಉಪ್ಪಾಕೋದು ಮರ್ತುಬುಡೋಳು,” ಎಂದು ಸುರು ಮಾಡಿದರು. “ನಾನು ಒಂದಿನಾನೂ ಏಳ್ನಿಲ್ಲ. ಉಪ್ಪಿನ ಡಬ್ಬ ಪಕ್ಕದಲ್ಲಿ ಮಡಿಕ್ಕಂಡು ಉಂಡೆ.” ಜನರ ನಡುವೆ ಸಣ್ಣ ನಗು ಎದ್ದಿತು. ತವರಿನ ಅಣ್ಣನ ಜೊತೆ ಮುನಿಸಿಕೊಂಡು, ಅವನು ಸಾಯುವವರೆಗೂ ಅವಳು ಮಾತಾಡಲಿಲ್ಲವೆಂದರು. ಅವನ ಬಾಳನ್ನು ಮಾತ್ರ ಬರೆಯಲಾರದೆ ಹಾಳೆ ಹರಿದುಹಾಕಿದಳೆಂದರು. ಅಂಗನವಾಡಿಯ ಮಕ್ಕಳ ಮೂಗನ್ನು ತನ್ನ ಸೆರಗಿನಲ್ಲೇ ಒರೆಸುತ್ತಿದ್ದಳೆಂದರು. ಆಮೇಲೆ ಮೈಕಿನ ಕಂಬ ಹಿಡಿದುಕೊಂಡರು.

“ನಮಗೆ ಇಬ್ರು ಮಕ್ಕಳು. ದೊಡ್ಡೋನು ಅಂತೋಣಿ. ಎಡಗೈ ಮುಷ್ಟಿ ಕಟ್ಕಂಡು ಮಲಗೋನು. ಅವಳು ಅವನ ತಾಯಿ.”

ತನಗೊಬ್ಬ ಅಣ್ಣನಿದ್ದನೆಂಬುದು ಕವಿತಳಿಗೆ ತಾಯಿಯಿಂದ ತಿಳಿದಿತ್ತು. ಅಪ್ಪನ ಬಾಯಲ್ಲಿ ಆ ಹೆಸರನ್ನು ಆಕೆ ಕೇಳಿದ್ದು ಅದೇ ಮೊದಲು. ಎದ್ದು ಹೋಗಿ ಅಪ್ಪನ ಪಕ್ಕ ನಿಂತಳು. ಜನ ಒಬ್ಬೊಬ್ಬರಾಗಿ ಬಂದು ಹಿಡಿಮಣ್ಣು ಹಾಕಿದರು.

ತಿಂಗಳು ಕಳೆಯುವುದರೊಳಗೆ ಕೆರಗೋಡಿನಿಂದ ಒಂದು ಕರೆ ಬಂತು. ಮೈಕು ಬೇಕು, ಜೊತೆಗೆ ನಮ್ಮಮ್ಮನ ಬಾಳನ್ನೂ ನೀವೇ ಹೇಳಬೇಕು ಎಂದರು. ಇನ್ನಾಸಪ್ಪ ಆಗುವುದಿಲ್ಲವೆಂದರು. ಮಾರನೆಯ ದಿನ ಆ ಮನೆಯ ಜಗಲಿಯ ಮೇಲೆ ಕೂತಿದ್ದರು. ಅಂದಿನಿಂದ ನಿಂತಿಲ್ಲ. ಬರೆದುಕೊಳ್ಳುವ ರೂಢಿ ಅವರಿಗಿಲ್ಲ. ಕೇಳಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಾರೆ. ಹೆಂಡತಿಯ ಹಾಗೆ ಕೇಳಲು ಬರುವುದಿಲ್ಲ ಎಂಬ ಕೊರಗು ಇದ್ದೇ ಇದೆ. ಅವಳು ಕೇಳಿದರೆ ಜನರ ಬಾಯಿಂದ ತಾನಾಗೇ ಬರುತ್ತಿತ್ತು, ತಾನು ಎರಡು ಸಲ ಕೇಳಬೇಕಾಗುತ್ತದೆ ಎನ್ನುತ್ತಾರೆ. ಮಂಡ್ಯಕ್ಕೆ ಬಂದು ತನ್ನ ಜೊತೆ ಇರಲು ಮಗಳು ಕರೆಯುತ್ತಲೇ ಇದ್ದಾಳೆ. ಏಣಿ ಹತ್ತಲು ಆಗುವವರೆಗೆ ಇಲ್ಲೇ ಇರುತ್ತೇನೆಂದಿದ್ದಾರೆ.

ಊಟ ಮುಗಿದು ಶಾಮಿಯಾನ ಬಿಚ್ಚುವ ಹೊತ್ತಿಗೆ, ಪತ್ರಿಕೆಯಲ್ಲಿ ತಮ್ಮನ್ನು ಏನೆಂದು ಕರೆಯಬೇಕು ಎಂದು ಕೇಳಿದರೆ ಇನ್ನಾಸಪ್ಪ ವೈರು ಸುತ್ತುವ ಕೈ ನಿಲ್ಲಿಸುತ್ತಾರೆ.

“ಮೊದ್ಲೆಲ್ಲ ಅವಳ್ನ ಮೈಕ್‌ಸೆಟ್ಟಿನೋನ ಎಂಡ್ರು ಅಂತಿದ್ರು. ಈಗ ಎಲ್ಲೋದ್ರೂ ನಂಗೆ ಸಿಸಿಲಿಯಮ್ಮನ ಗಂಡ ಅಂತಾರೆ. ಅಂಗೇ ಬರ್ಕಳಿ. ಅದೇ ಸರಿ.”