ಅಕ್ಕನ ಡಿಗ್ರಿಗೆ ಮುಡಿಸಿದ ಹೂ

ಅಕ್ಕ ಪಿಯುಸಿ ಪಾಸಾದ ವರ್ಷ ನಮ್ಮ ಮನೆಯಲ್ಲಿ ಲೆಕ್ಕಾಚಾರದ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಅಪ್ಪ ಗುಬ್ಬಿಯ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತರು. ಏನನ್ನೇ ಆಗಲಿ ತೂಗಿ ನೋಡುವ ಚಾಳಿ ಅವರದು. ತುಮಕೂರಿನಲ್ಲಿ ಬಿ.ಎಸ್ಸಿ. ಓದಿಸಿದರೆ ಫೀಸು, ಹಾಸ್ಟೆಲ್ಲು. ಓದಿದ ಮೇಲೆ ಅವಳಿಗಿಂತ ಹೆಚ್ಚು ಓದಿದ ಗಂಡೇ ಬೇಕು. ಅಂಥವನು ವಾಚು, ಸ್ಕೂಟರು ಅನ್ನದೆ ಬಿಡುತ್ತಾನೆಯೆ? ಕೆಲಸ ಸಿಕ್ಕರೂ ಸಂಬಳ ಹೋಗುವುದು ಗಂಡನ ಮನೆಗೆ. ಹೆಣ್ಣನ್ನು ಓದಿಸಿದರೆ ಎರಡೂ ಕಡೆಯಿಂದ ಲುಕ್ಸಾನು ಎಂದು ಊಟದ ಹೊತ್ತಿಗೇ ಹೇಳುತ್ತಿದ್ದರು. ಅಕ್ಕ ತಟ್ಟೆ ನೋಡುತ್ತ ಕೂತಿರುತ್ತಿದ್ದಳು. ನಾನಾಗ ಒಂಬತ್ತನೇ ಕ್ಲಾಸು. ಅಕ್ಕ ಹೋದರೆ ಮುಂದೆ ನಾನೂ ಹೋಗಬಹುದು ಎಂಬ ನನ್ನ ಲೆಕ್ಕವನ್ನು ಕೇಳುವವರು ಯಾರು!

ಈ ತೊಡಕು ಬಿಡಿಸಿದವನು ಕುಣಿಗಲ್ಲಿನ ಮಾವ, ಅಮ್ಮನ ತಮ್ಮ. ಅಲ್ಲಿ ಹಿಟ್ಟಿನ ಮಿಷನ್ನು ಇಟ್ಟಿದ್ದ. ಹುಬ್ಬಿನ ಮೇಲೆ ಸದಾ ರಾಗಿಹಿಟ್ಟು. ಮೂವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಯಾಕೆ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ.

"ಭಾವ, ಓದ್ಸೋದು ನನಗಿರ್ಲಿ ಬುಡಿ" ಎಂದ.

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಆದೀತು ನೋಡಪ್ಪ ಎಂದು ಅಪ್ಪ ನಕ್ಕರು. ಮಾವ ನಗಲಿಲ್ಲ. ತಾನು ಕೋಡಂಗಿ ಆಗುವ ಪೈಕಿ ಅಲ್ಲ ಎಂದ.

ಅಕ್ಕ ಹಾಸ್ಟೆಲ್ಲಿಗೆ ಹೊರಡುವ ದಿನ ಅಜ್ಜಿ, ಅಂದರೆ ಮಾವನ ತಾಯಿ, ಕುಣಿಗಲ್ಲಿನಿಂದ ಬಂದಳು. ಮುತ್ತೈದೆಯರನ್ನು ಕರೆಸಿ, ಅಕ್ಕನನ್ನು ಮಣೆ ಮೇಲೆ ಕೂರಿಸಿ, ತಲೆತುಂಬ ಕನಕಾಂಬರ ಮುಡಿಸಿ, ಮಡಿಲಿಗೆ ತೆಂಗಿನಕಾಯಿ, ರವಿಕೆ ಕಣ, ಎಲೆ ಅಡಿಕೆ ಇಟ್ಟಳು. ನಮ್ಮವರಲ್ಲಿ ಹೀಗೆ ಹೂ ಮುಡಿಸಿದರೆ ಹುಡುಗಿ ಮುಡಿಸಿದವರ ಮನೆಗೆ ಸೊಸೆಯಾಗಿ ಗೊತ್ತಾದಳು ಎಂದರ್ಥ. ಅಕ್ಕನೋ, ಅಜ್ಜಿ ಹರಸಿ ಕಳಿಸುತ್ತಿದ್ದಾಳೆ ಎಂದುಕೊಂಡು, ಹಾಸ್ಟೆಲ್ಲಿಗೆ ಹೋಗೋಕೂ ಶಾಸ್ತ್ರನಾ ಎಂದು ನಗುತ್ತಿದ್ದಳು. ಪುಸ್ತಕದಿಂದ ತಲೆ ಎತ್ತಿದ್ದರೆ ತಾನೆ ಮನೆಯ ಶಾಸ್ತ್ರ ಗೊತ್ತಾಗುವುದು! ನನಗೆ ಗೊತ್ತಾಯಿತು. ಅಕ್ಕನಿಗೆ ಹೇಳಿದ್ದೀರಾ ಎಂದು ಅಮ್ಮನ ಸೆರಗು ಜಗ್ಗಿ ಕೇಳಿದೆ.

"ಸುಮ್ನಿರೇ. ಈಗ ಹೇಳಿದ್ರೆ ಓದೋಕೂ ಹೋಗಲ್ಲ ಅವ್ಳು."

ಅಮ್ಮನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಆಮೇಲೆ ಮಾವ ಆಗಾಗ ಭಾನುವಾರ ತುಮಕೂರಿಗೆ ಹೋಗಿ, ಕಡಲೆಪುರಿ ಪೊಟ್ಟಣ ಹಿಡಿದು ಹಾಸ್ಟೆಲ್ ಗೇಟಿನ ಹತ್ತಿರ ನಿಲ್ಲುತ್ತಿದ್ದ. ಒಮ್ಮೆ ನಾನೂ ಜೊತೆಗಿದ್ದೆ. ಅಕ್ಕ ಪ್ರಾಕ್ಟಿಕಲ್ಸು, ಪರೀಕ್ಷೆ ಅಂತ ಏನೇನೋ ಹೇಳಿದಳು. ಎಲ್ಲ ಕೇಳಿಸಿಕೊಂಡು, ಇನ್ನೆಷ್ಟು ವರ್ಷ ಎಂದಷ್ಟೇ ಕೇಳಿದ. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟು, ನೀನೂ ಚೆನ್ನಾಗಿ ಓದ್ತೀಯಂತಲ್ಲ ಎಂದ. ನನಗೆ ಖುಷಿಯೇ ಆಯಿತು, ಪೆದ್ದಿ.

ಅಕ್ಕ ಬಿ.ಎಡ್. ಕೂಡ ಮುಗಿಸಿ, ತುಮಕೂರಿನ ಶಾಲೆಯೊಂದರಲ್ಲಿ ಟೀಚರಾಗಿ, ಅಲ್ಲೇ ಶೆಟ್ಟಿಹಳ್ಳಿಯಲ್ಲಿ ರೂಮು ಮಾಡಿದಳು. ಮೊದಲ ಸಂಬಳ ತಗೊಂಡು ಮನೆಗೆ ಬಂದರೆ, ಮಾವನೂ ಅಜ್ಜಿಯೂ ಆಗಲೇ ಬಂದು ಕೂತಿದ್ದರು. ಮದುವೆ ದಿನದ ಮಾತು ಎತ್ತಿದಾಗಲೇ ಅವಳಿಗೆ ಅಂದಿನ ಕನಕಾಂಬರ ಅರ್ಥವಾದದ್ದು. ಅತ್ತಳು, ಕೂಗಾಡಿದಳು. ಕೊನೆಗೆ ಸಂಬಳದ ಕವರನ್ನು ಮಾವನ ಮುಂದಿಟ್ಟು, ತಿಂಗಳು ತಿಂಗಳೂ ಕೊಟ್ಟು ಪೂರ್ತಿ ತೀರಿಸುತ್ತೇನೆ ಎಂದಳು. ಮಾವ ಕವರು ಮುಟ್ಟಲಿಲ್ಲ.

"ದುಡ್ಡು ಯಾರು ಕೇಳಿದ್ರವ್ವ? ಹೂ ಮುಡ್ಸಿರೋ ಮನೆಯಿಂದ ಬರಿಗೈಲಿ ಹೋಗೋಕಾಗಲ್ಲ ನಾನು."

ಅಕ್ಕ ಕವರನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಲು ಹೋದಳು. ಅಪ್ಪ ತಡೆಯಲಿಲ್ಲ. ಜನ್ಮವಿಡೀ ಲಾಭ ಲುಕ್ಸಾನು ಎಂದವರು ಆಮೇಲೆ ಅಡುಗೆಮನೆ ಕಡೆ ತಿರುಗಿ ನೋಡಿದರು. ಬಾಗಿಲಲ್ಲಿ ನಾನು ನಿಂತಿದ್ದೆ. ಪಿಯುಸಿ ಪಾಸಾಗಿದ್ದೆ; ಮಾರನೇ ದಿನ ಬಿ.ಎಸ್ಸಿ.ಗೆ ಅರ್ಜಿ ತರಲು ತುಮಕೂರಿಗೆ ಹೋಗುವುದಿತ್ತು.

"ಚಿಕ್ಕೋಳೆ, ಬಾರೇ ಇಲ್ಲಿ" ಎಂದಳು ಅಜ್ಜಿ, ಹೂವಿನ ಪೊಟ್ಟಣ ಬಿಚ್ಚುತ್ತ.

ನಾನು ಅಮ್ಮನ ಮುಖ ನೋಡಿದೆ. ಅಮ್ಮ ಮಣೆ ತಂದು ಹಾಕಿದಳು. ಇನ್ನೂ ಓದುವ ಹುಡುಗಿ ಅಂತ ನಾನು ಎರಡು ಜಡೆ ಹಾಕಿಕೊಳ್ಳುತ್ತಿದ್ದೆ. ಅಜ್ಜಿ ಎರಡನ್ನೂ ಬಿಚ್ಚಿ, ಹೂ ಸರಿಯಾಗಿ ನಿಲ್ಲಲಿ ಎಂದು, ಬಿಗಿಯಾಗಿ ಒಂದೇ ಜಡೆ ಹೆಣೆದಳು.