ಮೇಲಿನ ಮನೆ ಕಾಕಾ ಮತ್ತು ಮುಳ್ಳಿಲ್ಲದ ಗಡಿಯಾರ

ಮೊನ್ನೆ ಮಿಕ್ಸಿ ಕೆಟ್ಟಿತೆಂದು ಆರ್.ಟಿ. ನಗರದ ಒಂದು ರಿಪೇರಿ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಒಳಗಿನ ತಂತಿಯೊಂದಕ್ಕೆ ಬೆಸುಗೆ ಹಾಕುತ್ತಿದ್ದ. ಕಾದ ಕಡ್ಡಿ ರಾಳಕ್ಕೆ ತಾಗಿದ್ದೇ ತೆಳ್ಳನೆಯ ಹೊಗೆ ಸುರುಳಿಯಾಗಿ ಎದ್ದು ನನ್ನ ಕಡೆಗೆ ಬಂತು. ಧೂಪದ ವಾಸನೆಗೂ ಸುಟ್ಟ ವೈರಿನ ವಾಸನೆಗೂ ನಡುವಿನ ಒಂದು ಘಾಟು. ರಸ್ತೆಯ ಗದ್ದಲವೆಲ್ಲ ಎಲ್ಲೋ ದೂರ ಸರಿಯಿತು... ನಾನು ಸಂಜಯನಗರದ ಆ ಹಳೆಯ ಮನೆಯ ಮೆಟ್ಟಿಲ ಮೇಲೆ ನಿಂತಿದ್ದೆ. ಮೇಲಿನ ಮನೆಯ ಬಾಗಿಲು ತೆರೆದಿತ್ತು. ಒಳಗೆ ಕಾಕಾ ಮೇಜಿನ ಮೇಲೆ ಬಗ್ಗಿ ಕೂತಿದ್ದರು.

ಕಾಕಾ ನಮಗೆ ಸಂಬಂಧಿಕರೇನಲ್ಲ. ಅವರು ವಿಜಯಪುರದ ಕಡೆಯವರು, ನಾವು ಗದಗಿನವರು. ಯಲಹಂಕದ ಒಂದು ಕಾಲೇಜಿನ ಲೈಬ್ರರಿಯಲ್ಲಿ ನನಗೆ ಕೆಲಸ ಸಿಕ್ಕ ಮೇಲೆ ಅವ್ವನನ್ನು ಕರೆದುಕೊಂಡು ಬಂದು ಆ ಮನೆಯ ಕೆಳಭಾಗಕ್ಕೆ ಬಾಡಿಗೆಗೆ ಸೇರಿದ್ದೆ. ಸಾಮಾನು ಇಳಿಸುತ್ತಿದ್ದ ದಿನ ನಮ್ಮ ಮಾತು ಕಿವಿಗೆ ಬಿದ್ದು ಮೇಲಿನಿಂದ ಒಬ್ಬರು ಬಗ್ಗಿ ನೋಡಿ, "ಯಾವೂರ್ರೀ ನಿಮ್ದು?" ಎಂದರು. ಅಷ್ಟೇ ಸಾಕಾಯಿತು. ಸಂಜೆಗೆ ಅವರ ಹೆಂಡತಿ ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ ತಂದಿಟ್ಟರು. ಅಂದಿನಿಂದ ಅವರು ಕಾಕಾ, ಆಕೆ ಕಾಕು.

ಕಾಕಾ ಎತ್ತರದ ಆಳು. ತುಸು ಬಾಗಿದ ಬೆನ್ನು, ಮೂಗಿನ ತುದಿಗೆ ಜಾರಿದ ಕನ್ನಡಕ. ಕಾರ್ಖಾನೆಯೊಂದರ ಪ್ರಯೋಗಶಾಲೆಯಲ್ಲಿ ಮೀಟರುಗಳು ಸರಿಯಾಗಿ ತೋರಿಸುತ್ತವೆಯೇ ಎಂದು ಪರೀಕ್ಷಿಸುವುದು ಅವರ ಕೆಲಸವಾಗಿತ್ತು. ಆ ಕಾರ್ಖಾನೆ ಮುಚ್ಚಿ ವರ್ಷಗಳಾಗಿದ್ದವು. ನಿವೃತ್ತರಾದ ಬೇರೆಯವರು ಬೆಳಿಗ್ಗೆ ವಾಕಿಂಗು, ಸಂಜೆ ದೇವಸ್ಥಾನ ಎಂದು ಇದ್ದರೆ ಇವರಿಗೆ ಒಂದೇ ಹುಚ್ಚು, ಕರಾರುವಾಕ್ಕಾದ ಕಾಲ.

ಅವರ ಕೋಣೆಯ ಮೂಲೆಯಲ್ಲಿ ಊಟದ ಡಬ್ಬಿಯಷ್ಟು ದೊಡ್ಡದೊಂದು ಲೋಹದ ಪೆಟ್ಟಿಗೆ ಇತ್ತು. ಪಕ್ಕದಲ್ಲಿ ಪುಟ್ಟ ಫ್ಯಾನು. ಹಿಂದೆ ಎರಡು ದೊಡ್ಡ ಬ್ಯಾಟರಿಗಳು. ಎಲ್ಲೋ ಬಿಚ್ಚಿ ಹಾಕಿದ ಮೊಬೈಲ್ ಟವರಿನಿಂದ ಗುಜರಿಗೆ ಬಂದದ್ದನ್ನು ಹುಡುಕಿ ತಂದಿದ್ದರಂತೆ. "ಇದು ಅಣುಗಡಿಯಾರ, ತಂಗಿ," ಎಂದು ಮೊದಲ ಸಲ ತೋರಿಸಿದಾಗ ನಾನು ಮುಳ್ಳು ಎಲ್ಲಿ ಎಂದು ಹುಡುಕಿದ್ದೆ. ಮುಳ್ಳೂ ಇಲ್ಲ, ಅಂಕಿಯೂ ಇಲ್ಲ. ಒಂದು ಹಸಿರು ದೀಪ ಮಾತ್ರ.

"ಇದರೊಳಗ ರುಬಿಡಿಯಂ ಅಂತ ಒಂದು ಧಾತು ಆವಿಯಾಗಿ ತುಂಬೇತಿ. ಅದರ ಅಣು ಯಾವಾಗ್ಲೂ ಒಂದಽ ಲಯದಾಗ ಮಿಡಿತೈತಿ. ಬಿಸಲಿರ್ಲಿ, ಮಳಿ ಇರ್ಲಿ, ಅದರ ಲಯ ಬದ್ಲಾಗೂದಿಲ್ಲ. ನಮ್ಮ ಗ್ವಾಡಿ ಗಡಿಯಾರದಂಗಲ್ಲ."

"ಹಂಗಾದ್ರ ತಪ್ಪೂದಽ ಇಲ್ಲೇನ್ರೀ?"

"ತಪ್ಪತೈತಿ. ಒಂದು ಆಯುಷ್ಯಕ್ಕ ಕಣ್ಣು ಮಿಟುಕಿಸೂವಷ್ಟು." ಅವರು ಕನ್ನಡಕ ಮೇಲೇರಿಸಿ ನಕ್ಕರು. "ಎಷ್ಟು ತಪ್ಪತೈತಿ ಅನ್ನೂದನ್ನಽ ನಾ ನೋಡಾಕತ್ತೇನಿ."

ಅದು ನಿಜ. ಟೆರೇಸಿನಲ್ಲಿ ಅಣಬೆಯಾಕಾರದ ಪುಟ್ಟ ಆಂಟೆನಾ ಇಟ್ಟು, ಆಕಾಶದ ಉಪಗ್ರಹಗಳು ಕಳಿಸುವ ಕಾಲದೊಂದಿಗೆ ತಮ್ಮ ಪೆಟ್ಟಿಗೆಯ ಕಾಲವನ್ನು ಹಗಲಿರುಳು ತಾಳೆ ನೋಡುತ್ತಿದ್ದರು. ಕಂಪ್ಯೂಟರ್ ಪರದೆಯ ಮೇಲೆ ಒಂದು ಗೆರೆ ಇರುವೆಯ ಹಾಗೆ ಹರಿಯುತ್ತಿತ್ತು. ಆ ಗೆರೆ ಎಷ್ಟು ನಿಧಾನವಾಗಿ ಬಾಗುತ್ತದೆ ಎನ್ನುವುದೇ ಅವರ ಧ್ಯಾನ. ಕಾಕು ಒಮ್ಮೆ ಒಗೆದ ಚಾದರವನ್ನು ಆಂಟೆನಾದ ಮೇಲೆಯೇ ಹರವಿಬಿಟ್ಟಿದ್ದರು. "ಏ, ನನಗ ಉಪಗ್ರಹ ಕಾಣವಲ್ವು, ನಿನ್ನ ಚಾದರ ತಗೀ!" ಎಂದು ಕಾಕಾ ಕೂಗಿದ್ದು ಇಡೀ ಬೀದಿಗೆ ಕೇಳಿಸಿತ್ತು. ಕಾಕು ಆ ಪೆಟ್ಟಿಗೆಯನ್ನು ಸವತಿ ಎಂದು ಕರೆಯುತ್ತಿದ್ದರು. "ಅಕೀಗಿ ಫ್ಯಾನ್ ಬೇಕು, ಬ್ಯಾಟರಿ ಬೇಕು. ನನಗ ಒಂದು ಹೊಸ ಕುಕ್ಕರ್ ಬಂದಿಲ್ಲ ನೋಡವಾ."

ಪೆಟ್ಟಿಗೆಯನ್ನು ಒಮ್ಮೆಯೂ ಆರಿಸಬಾರದಿತ್ತು. ಆರಿಸಿ ಮತ್ತೆ ಹಚ್ಚಿದರೆ ಅದು ಮೊದಲಿದ್ದ ಲಯಕ್ಕೆ ಸರಿಯಾಗಿ ಮರಳುವುದಿಲ್ಲ, ಹಿಂದಿನ ಗೆರೆ ಅಲ್ಲಿಗೇ ಮುಗಿದಂತೆ. ಅದಕ್ಕೇ ಆ ಎರಡು ಬ್ಯಾಟರಿಗಳು. ಎರಡನ್ನೂ ಜೋಡಿಸಿದರೆ ಮಾತ್ರ ಅದಕ್ಕೆ ಬೇಕಾದಷ್ಟು ವಿದ್ಯುತ್ತು. ಎಷ್ಟೋ ವರ್ಷಗಳಿಂದ ಅದು ನಿಲ್ಲದೆ ನಡೆದಿತ್ತು. ಹೊರದೇಶಗಳಲ್ಲಿ ಇಂಥದೇ ಹುಚ್ಚಿನ ಗೆಳೆಯರು ಅವರಿಗಿದ್ದರು. ಅವರಲ್ಲೊಬ್ಬ ಯಾವುದೋ ಚಳಿಯ ದೇಶದ ನಿವೃತ್ತ ಹಲ್ಲಿನ ಡಾಕ್ಟರು. ಅವನ ಪೆಟ್ಟಿಗೆ, ಇವರ ಪೆಟ್ಟಿಗೆ ಒಂದೇ ಜಾತಿಯವು. ಯಾವುದು ಹೇಗೆ ಮುದಿಯಾಗುತ್ತದೆ ಎಂದು ಇಬ್ಬರೂ ಇಮೇಲಿನಲ್ಲಿ ಮಾತಾಡಿಕೊಳ್ಳುತ್ತಿದ್ದರು.

ಇಷ್ಟೊಂದು ಯಾಕೆ ಎಂದು ನಾನೊಮ್ಮೆ ಕೇಳಿದ್ದೆ. ಕಾಕಾ ಬೆಸುಗೆ ಕಡ್ಡಿಯನ್ನು ಕೆಳಗಿಟ್ಟರು. ಕಾರ್ಖಾನೆಯ ಲ್ಯಾಬಿನಲ್ಲಿ ಇದಕ್ಕಿಂತ ದೊಡ್ಡದೊಂದು ಇತ್ತಂತೆ. ಉಳಿದೆಲ್ಲ ಯಂತ್ರಗಳಿಗೆ ಅದೇ ಹಿರಿಯ. ಕಾರ್ಖಾನೆ ಮುಚ್ಚಿದ ದಿನ ಎಲ್ಲರೂ ಫೋಟೋ ತೆಗೆಸಿಕೊಂಡು ಹೊರಟ ಮೇಲೆ, ಅದನ್ನು ಆರಿಸಿ ಬನ್ನಿ ಎಂದು ಇವರನ್ನೇ ಕಳಿಸಿದ್ದರು.

"ಹೋಗಿ ಆರಿಸಿದೆ. ಫ್ಯಾನ್ ನಿಂತಿತು. ಆ ಖೋಲಿ ಅಷ್ಟು ಸುಮ್ಮಾಗಿದ್ದನ್ನ ನಾ ಎಂದೂ ಕೇಳಿರ್ಲಿಲ್ಲ, ತಂಗಿ..."

ಮತ್ತೆ ಬೆಸುಗೆ ಕಡ್ಡಿಯನ್ನು ಕೈಗೆತ್ತಿಕೊಂಡರು.

ಅವ್ವನಿಗೂ ಕಾಕಾನಿಗೂ ಚೆನ್ನಾಗಿ ಹೊಂದಿತ್ತು. ಹತ್ತಿ ಗಿರಣಿಯ ಧೂಳಿನಲ್ಲಿ ದುಡಿದು ಅವ್ವನ ಶ್ವಾಸಕೋಶ ಸೋತುಹೋಗಿತ್ತು. ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ, ದಿನದ ಬಹುಪಾಲು ಆಕ್ಸಿಜನ್ ಮಷೀನಿನ ನಳಿಕೆ ಮೂಗಿಗೆ ಹಾಕಿಕೊಂಡೇ ಇರುತ್ತಿದ್ದಳು. ಸಂಜೆ ಕಾಕಾ ಕೆಳಗಿಳಿದು ಬಂದು ಅವಳ ಮುಂದೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಒಂದು ದಿನ ಅವರು, ನೆಲಕ್ಕಿಂತ ಎತ್ತರದಲ್ಲಿ ಕಾಲ ಒಂದು ಕೂದಲೆಳೆಯಷ್ಟು ಬೇಗ ಓಡುತ್ತದೆ, ತಮ್ಮ ಪೆಟ್ಟಿಗೆಗೂ ಸಿಗದಷ್ಟು ಸಣ್ಣ ವ್ಯತ್ಯಾಸ, ಆದರೆ ಸುಳ್ಳಲ್ಲ ಎಂದು ಹೇಳುತ್ತಿದ್ದರು.

"ನಾ ಮ್ಯಾಲಿನ ಮನ್ಯಾಗ ಅದೀನಿ. ನೀ ಕೆಳಗ ಅದೀಯವಾ. ನನಕಿಂತ ನಿನಗ ತಡಾಗಿ ವಯಸ್ಸಾಗತೈತಿ."

ಅವ್ವ ಉಸಿರು ಎಳೆದುಕೊಂಡು ನಕ್ಕಳು. "ಹಂಗಾದ್ರ ನೀನೂ ಕೆಳಗಽ ಬಂದಿರಪಾ, ಅಣ್ಣಾ. ಒಬ್ಬಾಕೀನಽ ಏನ್ ಮಾಡ್ಲಿ ಅಷ್ಟು ಆಯುಷ್ಯ ತಗೊಂಡು?"

ಆ ದಿನಗಳನ್ನು ನೆನೆದರೆ ಈಗಲೂ ಎಲ್ಲವೂ ನೀರಿನೊಳಗಿಂದ ಕಂಡಂತೆ ತೋರುತ್ತದೆ... ಕಿಟಕಿಯಾಚೆ ಗುಲ್‌ಮೊಹರ್ ಮರ, ಅದರ ಕೆಂಪು ಬೆಳಕು ಅವ್ವನ ಸೆರಗಿನ ಮೇಲೆ, ಕಾಕಾನ ನಿಧಾನದ ಮಾತು, ಮಷೀನಿನ ಉಸಿರು.

ಆ ಮರವೇ ಒಂದು ಮೇ ತಿಂಗಳ ಮಧ್ಯಾಹ್ನ ಬಿತ್ತು. ಆಲಿಕಲ್ಲು ಮಳೆ, ಹುಚ್ಚು ಗಾಳಿ. ಕರೆಂಟಿನ ತಂತಿಗಳನ್ನು ಎಳೆದುಕೊಂಡು ರಸ್ತೆಗಡ್ಡ ಮಲಗಿತು. ನಮ್ಮ ಇನ್ವರ್ಟರು ಅವ್ವನ ಮಷೀನನ್ನು ಸ್ವಲ್ಪ ಹೊತ್ತು ಎಳೆಯಿತು. ಅದರ ಬ್ಯಾಟರಿ ಹಳೆಯದು, ಬೇಗನೆ ಕುಯ್ಯೋ ಎನ್ನತೊಡಗಿತು. ತುರ್ತಿಗೆಂದು ಇಟ್ಟಿದ್ದ ಸಿಲಿಂಡರ್ ಅದೇ ಬೆಳಿಗ್ಗೆ ತುಂಬಿಸಲು ಹೋಗಿತ್ತು. ಆಂಬುಲೆನ್ಸಿಗೆ ಫೋನ್ ಮಾಡಿದರೆ, "ಹೆಬ್ಬಾಳದಲ್ಲಿ ನೀರು ನಿಂತ್ಬಿಟ್ಟಿದೆ ಮೇಡಂ, ಟೈಮ್ ಆಗುತ್ತೆ," ಎಂದರು. ಅವ್ವನ ತುಟಿ ನೀಲಿಯಾಗುತ್ತಿತ್ತು. ನನ್ನ ಕೈ ಹಿಡಿದಿದ್ದಳು.

ಕೈ ಬಿಡಿಸಿಕೊಂಡು ಮೇಲಕ್ಕೆ ಓಡಿದೆ. "ಕಾಕಾ, ಅವ್ವಂದು ಮಷೀನ್ ಬಂದಾಗಾಕತ್ತೇತ್ರಿ..."

ಬ್ಯಾಟರಿ ಕೊಡಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಕೇಳುವ ಅಗತ್ಯವೂ ಬೀಳಲಿಲ್ಲ. ಕಾಕಾ ಒಂದೇ ಒಂದು ಸಲ ಆ ಹಸಿರು ದೀಪದ ಕಡೆ ನೋಡಿದರು. ಆಮೇಲೆ ಡ್ರಾಯರಿನಿಂದ ನಟ್ಟು ಬಿಚ್ಚುವ ಪಾನಾ ತೆಗೆದುಕೊಂಡು ಬ್ಯಾಟರಿಯ ಮುಂದೆ ಮಂಡಿಯೂರಿದರು.

"ಗೌಡ್ರನ್ನ ಕರಿ. ನನ್ನ ಒಬ್ಬನ ಕಡಿಂದ ಎತ್ತಾಕ ಆಗೂದಿಲ್ಲ."

ಗೌಡರು ಮನೆಯ ಓನರು, ಜಕ್ಕೂರಿನ ಕಡೆಯ ಹಳೆಯ ಒಕ್ಕಲು ಮನೆತನದವರು, ಹಿಂಬದಿಯ ಮನೆಯಲ್ಲೇ ಇದ್ದರು. ಅವರು ಮಳೆಯಲ್ಲಿ ನೆನೆದುಕೊಂಡೇ ಓಡಿಬರುವಷ್ಟರಲ್ಲಿ ಕಾಕಾ ನಟ್ಟು ಸಡಿಲಿಸಿ ತಂತಿಯನ್ನು ಎಳೆದಿದ್ದರು. ದೀಪ ಆರಿತು. ಫ್ಯಾನು ಎರಡು ಸುತ್ತು ತಿರುಗಿ ನಿಂತಿತು. ಕಾಕು ಸೆರಗನ್ನು ಬಾಯಿಗೆ ಒತ್ತಿಕೊಂಡು ಬಾಗಿಲಲ್ಲೇ ನಿಂತುಬಿಟ್ಟರು.

"ಇಡ್ಕಳಿ ಸಾರ್, ಬಿಡ್ಬೇಡಿ. ಯಪ್ಪಾ, ಗುಂಡುಕಲ್ಲು ಇದ್ದಂಗೈತೆ," ಎನ್ನುತ್ತ ಗೌಡರು ಒಂದು ಕಡೆ, ಕಾಕಾ ಇನ್ನೊಂದು ಕಡೆ ಹಿಡಿದು ಮೆಟ್ಟಿಲಿಳಿದರು. ಕಾಕಾನ ಬೆನ್ನು ಆ ಭಾರಕ್ಕೆ ಬಿಲ್ಲಿನಂತಾಗಿತ್ತು. ನಮ್ಮ ಇನ್ವರ್ಟರಿಗೆ ಜೋಡಿಸಿದರು. ಮಷೀನು ಒಮ್ಮೆ ಕೆಮ್ಮಿದಂತೆ ಮಾಡಿ ನಡೆಯತೊಡಗಿತು. ನಾನು ಅವ್ವನ ಮುಖವನ್ನೇ ನೋಡುತ್ತಿದ್ದೆ. ಅವಳ ಎದೆ ಏರಿ ಇಳಿಯುವುದು ನಿಧಾನವಾಯಿತು. ತುಟಿಗೆ ಬಣ್ಣ ಬಂತು. ಮೊದಲನೆಯದು ಸೋತ ಮೇಲೆ ಎರಡನೆಯದನ್ನೂ ಇಳಿಸಿ ತಂದರು. ಮುಸ್ಸಂಜೆಗೆ ಆಂಬುಲೆನ್ಸ್ ಬಂದಾಗ ಅವ್ವ, "ಅಣ್ಣಗ ಚಾ ಕೊಟ್ಟಿಯೇನವಾ?" ಎಂದು ಕೇಳುವಷ್ಟು ಚೇತರಿಸಿಕೊಂಡಿದ್ದಳು.

ಆಸ್ಪತ್ರೆಯಿಂದ ಮರಳಿದ ಮೇಲೆ ಗೌಡರು ಗೇಟಿನಲ್ಲಿ ನನ್ನನ್ನು ನಿಲ್ಲಿಸಿದರು. "ಅದುನ್ನ ಮುಟ್ಟೋಕೂ ಬಿಡ್ತಿರ್ಲಿಲ್ಲ ಕಣಮ್ಮಾ ಸಾರು. ಅಂಥದ್ದುನ್ನ ತಾವೇ ಕಿತ್ತಾಕ್ಬುಟ್ರಲ್ಲ! ಆವತ್ತಿಂದ ಮೇಲ್ಗಡೆ ಸದ್ದೇ ಇಲ್ಲ, ಇಂಗೇ ಸುಮ್ಕೆ ಕುಂತವ್ರೆ."

ನಾನು ಮೇಲೆ ಹೋದೆ. ಕಾಕಾ ಕಂಪ್ಯೂಟರ್ ಮುಂದೆ ಕೂತಿದ್ದರು. ಪರದೆಯ ಮೇಲಿನ ಗೆರೆ ಒಂದು ಕಡೆ ಬಂದು ನಿಂತುಹೋಗಿತ್ತು. ನನ್ನನ್ನು ಕಂಡು, "ಹಲ್ಲಿನ ಡಾಕ್ಟರ್ ಇಮೇಲ್ ಬರ್ದಾನ ನೋಡು," ಎಂದರು. ಗೆರೆ ಯಾಕೆ ನಿಂತಿತು ಎಂದು ಇವರು ತಿಳಿಸಿದ್ದರು. ಅದಕ್ಕೆ ಅವನು, ಗಡಿಯಾರದ ವಿಷಯ ಒಂದಕ್ಷರವನ್ನೂ ಬರೆಯದೆ, ಕೆಳಗಿನ ಮನೆಯ ತಾಯಿ ಈಗ ಹೇಗಿದ್ದಾರೆ ಎಂದಷ್ಟೇ ಕೇಳಿದ್ದ.

"ಏನಂತ ಬರೀಲಿ?" ಎಂದರು ಕಾಕಾ.

"ಅರಾಮ ಅದಾಳ ಅಂತ ಬರೀರಿ, ಕಾಕಾ," ಎಂದೆ. ನನಗೆ ಅಳು ತಡೆಯಲಾಗಲಿಲ್ಲ.

ಮಾರನೆಯ ಭಾನುವಾರ ಬೆಳಿಗ್ಗೆ ಕಾಕಾ ಆ ಪೆಟ್ಟಿಗೆಯನ್ನು ಎದೆಗವಚಿಕೊಂಡು ಮೆಟ್ಟಿಲಿಳಿದು ಬಂದರು. ನಮ್ಮ ನಡುಮನೆಯಲ್ಲಿ, ಅವ್ವನ ಮಂಚದ ಪಕ್ಕ, ನೆಲದ ಮೇಲೇ ಇಟ್ಟರು. ಬ್ಯಾಟರಿಗಳು ಮೊದಲೇ ಅಲ್ಲಿದ್ದವು. "ಇನ್ ಮ್ಯಾಲ ಇವು ಇಲ್ಲೇ ಇರ್ತಾವ. ಕರೆಂಟ್ ಹೋದ್ರ ಮೊದ್ಲು ನಿಮ್ಮವ್ವಗ, ಉಳಿದ್ರ ಇದಕ್ಕ," ಎಂದರು. ಟೆರೇಸಿನ ಆಂಟೆನಾದಿಂದ ಉದ್ದನೆಯ ತಂತಿಯನ್ನು ಕಿಟಕಿಯೊಳಗೆ ಇಳಿಸಿದರು, ಕಂಪ್ಯೂಟರನ್ನೂ ಕೆಳಗೆ ತಂದರು. ಎಲ್ಲ ಜೋಡಿಸಿ ಮುಗಿದ ಮೇಲೆ ಸ್ವಿಚ್ಚನ್ನು ಅವ್ವನ ಕೈಗೆ ಕೊಟ್ಟರು.

"ನೀ ಹಚ್ಚವಾ."

ಅವ್ವ ಹಚ್ಚಿದಳು. ಹಸಿರು ದೀಪ ಬರಲು ಕೆಲವು ನಿಮಿಷ ಬೇಕಾಯಿತು. ನಾವೆಲ್ಲ, ಕಾಕು ಕೂಡ, ಹಾಲು ಉಕ್ಕುವುದನ್ನು ಕಾಯುವವರ ಹಾಗೆ ಸುತ್ತ ಕೂತಿದ್ದೆವು. ದೀಪ ಬಂದಾಗ ಅವ್ವ ಬಗ್ಗಿ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. "ಎಣ್ಣಿ ಹಚ್ಚಿ ಎರೆದ ಕೂಸಿನ ಮೈ ಇದ್ದಂಗ ಬೆಚ್ಚಗ ಐತಲ್ಲೋ," ಎಂದಳು.

ಆಮೇಲಿನ ದಿನಗಳು ಸುಖದವು. ಬೆಳಿಗ್ಗೆ ನಾನು ಕಾಲೇಜಿಗೆ ಹೊರಡುವ ಹೊತ್ತಿಗೆ ಕಾಕಾ ಕೆಳಗಿಳಿದು ಬರುತ್ತಿದ್ದರು. ಗೆರೆ ನೋಡಿ, ಅವ್ವನಿಗೆ ಆವತ್ತಿನ ತಪ್ಪು ಎಷ್ಟೆಂದು ಹೇಳುತ್ತಿದ್ದರು. ಅವ್ವನಿಗೆ ಅಂಕಿ ಅರ್ಥವಾಗುತ್ತಿರಲಿಲ್ಲ. "ಹೋಗ್ಲಿ ಬಿಡಪಾ, ಅಷ್ಟಽ ತಪ್ಪಿದ್ರ ಏನಾತು," ಎಂದು ಸಮಾಧಾನ ಮಾಡುತ್ತಿದ್ದಳು. ನಾನು ಇಲ್ಲದಾಗ ಅವ್ವ ಒಬ್ಬಳೇ ಇರುತ್ತಾಳೆಂಬ ಚಿಂತೆ ನನಗೆ ಹೋಗಿತ್ತು. ಕಾಕಾ ಅದನ್ನೂ ಯೋಚಿಸಿಯೇ ಪೆಟ್ಟಿಗೆಯನ್ನು ಕೆಳಗೆ ತಂದಿದ್ದರೇ... ಕೇಳಲಿಲ್ಲ.

ಅವ್ವ ಮುಂದಿನ ವರ್ಷದ ಚಳಿಗಾಲದವರೆಗೆ ಇದ್ದಳು. ಒಂದು ಬೆಳಗಿನ ಜಾವ ಸದ್ದಿಲ್ಲದೆ ಹೋದಳು. ಕಾಕಾ ಮುಂದೆಯೂ ಕೆಲವು ತಿಂಗಳು ದಿನಾ ಬೆಳಿಗ್ಗೆ ಬರುತ್ತಲೇ ಇದ್ದರು. ಗೆರೆ ನೋಡಿ, ಅಂಕಿಯನ್ನು ಮಂಚದ ಕಡೆ ತಿರುಗಿಯೇ ಹೇಳಿ, ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಡಾಕ್ಟರು ಜೀವ ಹೋದ ಸಮಯ ಕೇಳಿದಾಗ ಯಾರಿಗೂ ಗೊತ್ತಿರಲಿಲ್ಲ. ಕಾಕು ಗೋಡೆ ಗಡಿಯಾರದ ಕಡೆ ನೋಡಿ, "ಸುಮಾರು ನಾಕು ಅಂತ ಬರೀರಿ," ಎಂದರು. ಹಾಗೆಯೇ ಬರೆದರು.

ಕಾಕು ಬೆಳಗಾವಿಯ ಮಗಳ ಮನೆಗೆ ಹೊರಟರು. ಪೆಟ್ಟಿಗೆಯನ್ನು ಕಾಕಾನ ಗೆಳೆಯರೊಬ್ಬರಿಗೆ ಕೊಡಬೇಕೆಂದು ಆಕೆಯೇ ಹೇಳಿದರು. ಮಾಕಳಿಯಲ್ಲಿ ಮನೆ ಕಟ್ಟಿಕೊಂಡಿದ್ದ ಆ ಗೆಳೆಯರು ಕಾರಿನಲ್ಲಿ ಬ್ಯಾಟರಿ ಇಟ್ಟುಕೊಂಡು ಬಂದು, ಪೆಟ್ಟಿಗೆ ಒಂದು ಕ್ಷಣವೂ ನಿಲ್ಲದಂತೆ ತಂತಿ ಬದಲಿಸಿ, ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಹೋದರು. ಅದು ಹೋದ ಮೇಲೆ ನೋಡಿದರೆ ಕೆಂಪು ನೆಲದ ಮೇಲೆ ಒಂದು ಚೌಕದ ಗುರುತು. ಅಂಗೈ ಇಟ್ಟೆ. ಇನ್ನೂ ಬಿಸಿಯಿತ್ತು. ಪೂರ್ತಿ ತಣ್ಣಗಾಗುವವರೆಗೂ ಅಲ್ಲೇ ಕೂತಿದ್ದೆ.

"ಮೇಡಂ, ಮಿಕ್ಸಿ ರೆಡಿ," ಎಂದ ಅಂಗಡಿಯವನು. ನಾನು ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದೆನೋ. ಮಿಕ್ಸಿ ತೆಗೆದುಕೊಂಡು ರಸ್ತೆಗೆ ಬಂದೆ. ಆಟೋಗೆ ಕೈ ಮಾಡುತ್ತ, ಇವತ್ತು ಕಾಕಾ ಎಷ್ಟು ನೆನಪಾದರು ಅಂತ ಮನೆಗೆ ಹೋದ ಕೂಡಲೇ ಅವ್ವನಿಗೆ ಹೇಳಬೇಕು ಅಂದುಕೊಂಡೆ. ಆಟೋ ಬಂದು ನಿಂತ ಮೇಲೂ ಹತ್ತದೆ ನಿಂತಿದ್ದೆ... "ಎಲ್ಲಿಗ್ ಹೋಗ್ಬೇಕು ಮೇಡಂ?" ಎಂದು ಆಟೋದವನು ಎರಡು ಸಲ ಕೇಳಿದ.